ಚಿಗವ್ವನ ಇಂಗ್ಲಿಷು

ಗಿರಣಿಯಿಂದ ಆಗಷ್ಟೇ ಹೊರಬಿದ್ದ ಜೋಳದ ಹಿಟ್ಟಿಗೆ ಒಂದು ವಾಸನೆಯಿದೆ. ಬೆಚ್ಚಗಿನ, ತುಸು ಸುಟ್ಟಂತಿರುವ, ಮೂಗಿನೊಳಗೆ ನವಿರಾಗಿ ಅಂಟಿಕೊಳ್ಳುವ ವಾಸನೆ. ಬೈಲಹೊಂಗಲದಲ್ಲಿ ನಾನೀಗ ಇರುವ ಓಣಿಯ ತಿರುವಿನಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಶಾಲೆ ಮುಗಿಸಿ ಅದರ ಮುಂದೆ ಹಾದು ಬರುವಾಗಲೆಲ್ಲ ನನಗೆ ಇಂಗ್ಲಿಷ್ ಅಕ್ಷರಗಳು ನೆನಪಾಗುತ್ತವೆ. ಹೇಳಿದರೆ ನನ್ನ ಜೊತೆಯ ಶಿಕ್ಷಕಿಯರು ನಗುತ್ತಾರೆ. ಅವರೆಲ್ಲ ಇಂಗ್ಲಿಷನ್ನು ಪಾಟಿಯ ಮೇಲೆ, ವಹಿಯ ಹಾಳೆಯ ಮೇಲೆ ಕಲಿತವರು. ನಾನು ಕಲಿತದ್ದು ಹಿಟ್ಟು ಹರವಿದ ಒಂದು ಹಿತ್ತಾಳೆಯ ಪರಾತದಲ್ಲಿ, ಒಲೆಯ ಪಕ್ಕ ಕೂತು, ನನ್ನ ಚಿಗವ್ವನ ತೋರುಬೆರಳಿನಿಂದ.

ಸಂಪಗಾಂವದಲ್ಲಿದ್ದ ನಮ್ಮ ಮನೆ ನಿಮ್ಮಲ್ಲಿ ಅನೇಕರ ಹಳೆಯ ಮನೆಯ ಹಾಗೆಯೇ ಇತ್ತು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಹೊಕ್ಕ ಕೂಡಲೇ ಎತ್ತುಗಳ ಉಸಿರು, ಆಮೇಲೆ ಪಡಸಾಲೆ, ಅದರಾಚೆ ಹಗಲಲ್ಲೂ ಮಬ್ಬಾಗಿರುತ್ತಿದ್ದ ಅಡುಗೆಮನೆ. ಅಡುಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಸಂಜೆ ಅದರಿಂದ ಇಳಿಯುತ್ತಿದ್ದ ಬಿಸಿಲಕೋಲು ಸರಿಯಾಗಿ ಪರಾತದ ಮೇಲೆ ಬೀಳುತ್ತಿತ್ತು. ಹೊಗೆ, ಹಿಟ್ಟಿನ ದೂಳು ಎರಡೂ ಅದರಲ್ಲಿ ಮೆಲ್ಲಗೆ ತಿರುಗುತ್ತಿದ್ದವು. ಆ ಬೆಳಕಿನಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದವಳು ಸುವರ್ಣಾ ಚಿಗವ್ವ, ನನ್ನ ಕಾಕಾನ ಹೆಂಡತಿ. ಮುನವಳ್ಳಿಯ ಹೆಣ್ಣು. ನನಗೆ ಐದು ವರ್ಷವಿದ್ದಾಗ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಅವ್ವ ನಸುಕಿನಲ್ಲೇ ಹೊಲಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳಾದ್ದರಿಂದ ನನ್ನ, ನನ್ನ ತಮ್ಮ ಬಸುವಿನ ದಿನಗಳೆಲ್ಲ ಚಿಗವ್ವನ ಸೆರಗಿನ ಸುತ್ತಲೇ ಕಳೆದವು.

ನಮ್ಮಜ್ಜನಿಗೆ ಈ ಸೊಸೆಯ ಮೇಲೆ ವಿಶೇಷ ಅಭಿಮಾನ. ಲಗ್ನದ ಮಾತುಕತೆಯಲ್ಲಿ ಅವಳ ಅಪ್ಪ "ಹುಡುಗಿ ಎಸ್ಸೆಸ್ಸೆಲ್ಸಿ ಪಾಸ್ ಆಗ್ಯಾಳ್ರಿ" ಎಂದು ಹೇಳಿದ್ದರು. ನಾಲ್ಕನೆಯ ಇಯತ್ತೆ ದಾಟಿದ ಹೆಂಗಸು ಅಲ್ಲಿಯವರೆಗೆ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಆಯಿ, ಎಂದರೆ ನಮ್ಮ ಅಜ್ಜಿ, ಸೊಸೈಟಿಯ ಕಾಗದಗಳಿಗೆಲ್ಲ ಹೆಬ್ಬಟ್ಟು ಒತ್ತುತ್ತಿದ್ದಳು. ಅಜ್ಜ ಚಾವಡಿಯ ಕಟ್ಟೆಗೆ ಹೋದರೆ ಮಳೆಬೆಳೆಯ ಮಾತು ಮುಗಿದೊಡನೆ, "ನಮ್ಮ ಸಣ್ಣ ಸೊಸಿ ಕಲತಾಕಿ" ಎಂಬ ಮಾತನ್ನು ಹೇಗಾದರೂ ತೂರಿಸುತ್ತಿದ್ದ.

ಆಗ ನಮಗೆ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೆಯ ಇಯತ್ತೆಯಲ್ಲಿ. ಶುರುವಾದ ಕೆಲವೇ ತಿಂಗಳಿಗೆ ನಾನು ಒಂದು ಸಂಜೆ ಬಿಕ್ಕುತ್ತ ಮನೆಗೆ ಬಂದೆ. ನೈಫ್ ಎಂಬ ಶಬ್ದವನ್ನು ಎನ್ ಅಕ್ಷರದಿಂದ ಬರೆದದ್ದಕ್ಕೆ ಮಾಸ್ತರರು ಇಡೀ ತಾಸು ಬೆಂಚಿನ ಮೇಲೆ ನಿಲ್ಲಿಸಿದ್ದರು. ಅಜ್ಜ ನನ್ನ ಕಣ್ಣೊರೆಸಿ, "ಅದಕ್ಯಾಕ ಅಳ್ತಿ? ಮನ್ಯಾಗ ಚಿಗವ್ವ ಅದಾಳಲ್ಲ, ಪಾಸಾದಾಕಿ! ಹೋಗ, ಕೇಳಹೋಗ" ಎಂದು ಒಳಗೆ ಕಳಿಸಿದ. ಚಿಗವ್ವ ಆ ಮಾತು ಕೇಳಿಸಿಕೊಂಡಿದ್ದಳು. ಹಿಟ್ಟು ನಾದುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತಿತು. ಅದು ಯಾಕೆ ನಿಂತಿತೆಂದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.

"ಚಿಗವ್ವಾ, ಹೇಳೂದಿಲ್ಲ ಅಂದ್ರ ಆ ಕೆ ಯಾಕ ಬರೀಬೇಕು? ಕನ್ನಡದಾಗ ಹಿಂಗಿಲ್ಲಲ್ಲ!" ಎಂದು ನಾನು ಜಗಳಕ್ಕೆ ಬಿದ್ದೆ. ಚಿಗವ್ವ ಸೆರಗನ್ನು ಹಣೆಯ ಮೇಲೆ ಸರಿಮಾಡಿಕೊಂಡು ಪಡಸಾಲೆಯ ಕಡೆ ಕಣ್ಣು ಹಾಯಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ನಾ ಮಾವಾರ ಮುಂದ ಮಾತಾಡ್ತೇನೇನು? ಇಲ್ಲ. ಹಂಗಂತ ಮನಿ ಮಂದಿನ್ನ ಎಣಿಸುವಾಗ ನನ್ನ ಬಿಡ್ತೀರೇನು? ಕೆಲವು ಅಕ್ಷರ ಹಂಗ ಇರ್ತಾವ ತಂಗಿ. ಮಾತಾಡೂದಿಲ್ಲ, ಆದ್ರ ಅವನ್ನ ಬಿಟ್ಟು ಬರದ್ರ ಲೆಕ್ಕ ತಪ್ಪತೈತಿ" ಎಂದಳು. ಪರಾತದ ಹಿಟ್ಟನ್ನು ಅಂಗೈಯಿಂದ ಸಪಾಟು ಮಾಡಿ, ಬೆರಳಿನಿಂದ ದೊಡ್ಡದೊಂದು ಕೆ ಬರೆದಳು. "ಚಾಕೂಲೆ ಏನ ಮಾಡ್ತಾರ?" ಎಂದು ಕೇಳಿದಳು. "ಕೊಯ್ತಾರ" ಎಂದೆ. "ಕೊಯ್ಯೂ ಕ ಇಲ್ಲೈತಿ ನೋಡು, ಮುಂದ. ಇನ್ನ ಮರೀತಿ?"

ಇಷ್ಟು ವರ್ಷಗಳಾದರೂ ಮರೆತಿಲ್ಲ. ಅವತ್ತು ಸಂಜೆಯಿಂದ ನಮ್ಮ ಅಡುಗೆಮನೆಯಲ್ಲಿ ಒಂದು ಹೊಸ ಶಾಲೆಯೇ ತೆರೆಯಿತು. ಬಾಯಿ ಬಿಡದ ಪ್ರತಿ ಅಕ್ಷರಕ್ಕೂ ಚಿಗವ್ವ ಕನ್ನಡದಲ್ಲಿ ಒಂದು ಗುರುತು ಹುಡುಕುತ್ತಿದ್ದಳು. ನೀ ಎಂದರೆ ನೀನಲ್ಲ, ಮೊಣಕಾಲು. ಕಾಲಿನ ಕ ಅದರ ಮುಂದೆ ಇರಲೇಬೇಕು. ನಾಟ್ ಎಂದರೆ ಗಂಟು, ಕಟ್ಟುವ ಕ. ನಾಕ್ ಎಂದರೆ ಬಡಿಯುವುದು. ಬಡಿಯಲು ಕದ ಬೇಕಲ್ಲ, ಕದದ ಕ. ನೋ ಎಂದರೆ ತಿಳಿಯುವುದು. ತಿಳಿಯಬೇಕಾದರೆ ಕಲಿಯಬೇಕು, ಆದ್ದರಿಂದ ಅದಕ್ಕೂ ಕ. ಅವರ್ ಎಂದರೆ ತಾಸು, ಹೊತ್ತು. ಹೊತ್ತಿನ ಹ ಅದರ ತಲೆಯ ಮೇಲೆ. ಥಮ್ ಎಂಬುದರ ಕೊನೆಯ ಬಿ ನಾನು ಪದೇ ಪದೇ ಮರೆತಾಗ ಹಿತ್ತಿಲಲ್ಲಿದ್ದ ಆಯಿಯನ್ನು ಕರೆದು ಅವಳ ಹೆಬ್ಬೆರಳನ್ನು ಹಿಟ್ಟಿಗೆ ಒತ್ತಿಸಿದಳು. "ಇದೇನು?" "ಹೆಬ್ಬಟ್ಟು." "ಅದರಾಗ ಬ ಐತಿಲ್ಲ?" ಆಯಿ ಹಿಟ್ಟಾದ ಬೆರಳನ್ನು ನೋಡುತ್ತ, "ನನ್ನ ಹೆಬ್ಬಟ್ಟೂ ಇಂಗ್ಲಿಷ್ ಕಲಿಸಾಕ ಬಂತಲ್ಲವಾ!" ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ರಿಸ್ಟ್ ಎಂಬ ಮಣಿಕಟ್ಟಿಗೆ ವಾಚು ಕಟ್ಟುತ್ತಾರಾದ್ದರಿಂದ ಡಬ್ಲ್ಯೂ. ರೈಟ್ ಎಂದರೆ ಬರೆಯುವುದು, ಬರೆಯಲು ವಹಿ ಬೇಕಾದ್ದರಿಂದ ಅದಕ್ಕೂ ಡಬ್ಲ್ಯೂ. ಬಸುವಿಗೆ ಬಹಳ ಪ್ರೀತಿಯದು ನೈಟ್. ಅದರ ನಡುವೆ ಜಿ, ಎಚ್ ಎರಡೂ ಯಾಕಿವೆ? "ರಾತ್ರಿ ನಡುವ ಗೂಗಿ ಹಾರತೈತಿ. ಗೂಗಿ ಹಾರೂ ಸಪ್ಪಳ ಯಾರಿಗರ ಕೇಳತೈತೇನು?" ಎಂದು ಕೇಳುತ್ತ ಚಿಗವ್ವ ತನ್ನ ಎರಡೂ ಕೈಗಳನ್ನು ಗೂಬೆಯ ರೆಕ್ಕೆಯ ಹಾಗೆ, ಒಂದಿಷ್ಟೂ ಸದ್ದಿಲ್ಲದೆ ಬೀಸಿ ತೋರಿಸುತ್ತಿದ್ದಳು. ಬಳೆಗಳೂ ಸುಮ್ಮನಿರುತ್ತಿದ್ದವು. ಅದು ಹೇಗೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಗುರುತು ಸಿಗದ ಶಬ್ದಗಳನ್ನು ಬಾಯಿ ಬಿಡಿಸಿ ಓದಿಸುತ್ತಿದ್ದಳು: ವೆಡ್-ನೆಸ್-ಡೇ, ಲಿಸ್-ಟೆನ್, ಕ್ಯಾಸ್-ಟಲ್. ಶಾಲೆಯಲ್ಲಿ ಇಂಗ್ಲಿಷಿನವರ ಹಾಗೆ ಹೇಳಿರಿ, ಬರೆಯುವಾಗ ಮಾತ್ರ ನಮ್ಮ ಹಾಗೆ ಮನಸ್ಸಿನಲ್ಲೇ ಹೇಳಿಕೊಳ್ಳಿರಿ ಎಂಬುದು ಅವಳ ಪಾಠ. ಒಮ್ಮೆ ರಜೆಯಲ್ಲಿ ತವರಿಗೆ ಹೋಗುವಾಗ ನಮ್ಮಿಬ್ಬರನ್ನೂ ಮುನವಳ್ಳಿಗೆ ಕರೆದೊಯ್ದು, ಅಲ್ಲಿಂದ ನವಿಲುತೀರ್ಥದ ಅಣೆಕಟ್ಟು ತೋರಿಸಿದಳು. ದಂಡೆಯ ಮೇಲೆ ನಿಂತು, ಹಿನ್ನೀರಿನ ನಡುವೆ ಬೆನ್ನು ಎತ್ತಿ ನಿಂತಿದ್ದ ಒಂದು ದಿಬ್ಬದತ್ತ ಕೈ ಮಾಡಿದಳು. "ಅದಕ್ಕ ಐಲ್ಯಾಂಡ್ ಅಂತಾರ. ಐ ಆದ ಮ್ಯಾಲೆ ಒಂದು ಎಸ್ ಬರಿಬೇಕು. ಯಾಕಂದ್ರ ಸುತ್ತ ನೀರೈತಿ." ಗಾಳಿಗೆ ಅವಳ ತಲೆಯ ಮೇಲಿನ ಸೆರಗು ಜಾರಿತು. ತವರಿನ ನೆಲವಾದ್ದರಿಂದಲೋ ಏನೋ, ಅವಳದನ್ನು ಮತ್ತೆ ಹೊದೆಯಲಿಲ್ಲ.

ಒಂದು ವರ್ಷದೊಳಗೆ ನನ್ನ ಸ್ಪೆಲ್ಲಿಂಗು ತಪ್ಪುವುದು ನಿಂತಿತು. ಮಾಸ್ತರರು, "ಯಾರಂತೇಕ ಟ್ಯೂಷನ್ನಿಗೆ ಹೊಕ್ಕಿ?" ಎಂದು ಕೇಳಿದರು. ನಾನು ಎದೆ ಉಬ್ಬಿಸಿ, "ನಮ್ಮ ಚಿಗವ್ವ ಕಲಿಸ್ತಾಳ್ರಿ" ಎಂದೆ. ಸುದ್ದಿ ಓಣಿಯಲ್ಲಿ ಹಬ್ಬಿ, ಸಂಜೆಯಾದರೆ ಎಂಟು ಹತ್ತು ಹುಡುಗ ಹುಡುಗಿಯರು ನಮ್ಮ ಒಲೆಯ ಸುತ್ತ ಕೂರತೊಡಗಿದರು. ಅವಳು ರೊಟ್ಟಿ ಬಡಿಯುತ್ತಲೇ ಶಬ್ದ ಕೇಳುವಳು. ಸರಿ ಹೇಳಿದವರಿಗೆ ಬಿಸಿ ರೊಟ್ಟಿಯ ಚೂರಿಗೆ ಶೇಂಗಾ ಹಿಂಡಿಯ ಚಟ್ನಿ ಸವರಿ ಕೊಡುವಳು. ತಪ್ಪಿದವರಿಗೂ ಕೊಡುತ್ತಿದ್ದಳು, ಸ್ವಲ್ಪ ತಡಮಾಡಿ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಊರಿಗೆ ಒಂದು ಅಂಗನವಾಡಿ ಮಂಜೂರಾಯಿತು. ಊರಿನ ಸೊಸೆಯಾಗಿರಬೇಕು, ಹತ್ತನೆಯದು ಪಾಸಾಗಿರಬೇಕು ಎಂದರು. ಅಜ್ಜ ಯಾರನ್ನೂ ಕೇಳದೆ ಪಂಚಾಯತಿಯಲ್ಲಿ ಚಿಗವ್ವನ ಹೆಸರು ಹೇಳಿ ಬಂದುಬಿಟ್ಟಿದ್ದ. ಎರಡು ದಿನ ಬಿಟ್ಟು ಪಂಚಾಯತಿಯ ಒಬ್ಬ ಸದಸ್ಯರು ಮನೆಗೇ ಬಂದು ಪಡಸಾಲೆಯಲ್ಲಿ ಕೂತರು. "ಸೊಸೀದು ಮಾರ್ಕ್ಸ್ ಕಾರ್ಡ್ ಕೊಟ್ಟಬಿಡ್ರಿ ಗೌಡ್ರ, ನಾನ ಅರ್ಜಿ ತುಂಬಿಸ್ತೇನಿ" ಎಂದರು. ಅಜ್ಜ ಹೆಮ್ಮೆಯಿಂದ, "ಸುವರ್ಣಾ, ತಗೊಂಬಾರವಾ" ಎಂದು ಕೂಗಿದ.

ಚಿಗವ್ವ ಹೊರಗೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಎಂಟು ವರ್ಷಗಳಲ್ಲಿ ಮಾವನ ಎದುರು ತುಟಿ ಬಿಚ್ಚದವಳು ಕಂಬ ಹಿಡಿದು ನಿಂತು ಹೇಳಿದಳು: "ಮಾವಾರ, ನಾ ಪಾಸಾಗಿಲ್ರಿ. ಇಂಗ್ಲಿಷಿನ್ಯಾಗ ಹೋಗೇನ್ರಿ. ಲಗ್ನದಾಗ ನಮ್ಮಪ್ಪ ಸುಳ್ಳ ಹೇಳಿದ್ರು. ನಾನೂ ಸುಮ್ಮನಿದ್ದೆ."

ಕೊಟ್ಟಿಗೆಯಲ್ಲಿ ಎತ್ತು ಮೇವು ಅಗಿಯುವ ಸದ್ದು ಪಡಸಾಲೆಯವರೆಗೆ ಕೇಳಿಸಿತು. ಬಂದವರು ಟೋಪಿ ಸರಿಮಾಡಿಕೊಂಡು, ಚಹಾ ಕುಡಿಯದೆ ಎದ್ದು ಹೋದರು. ಅಜ್ಜ ಅವತ್ತು ಚಾವಡಿಯ ಕಟ್ಟೆಗೆ ಹೋಗಲಿಲ್ಲ. ಆಯಿ, "ಬೀಗರು ಹಿಂತಾ ಮೋಸ ಮಾಡಿದ್ರ?" ಎಂದು ಅತ್ತಳು. ಕಾಕಾ ತಲೆ ತಗ್ಗಿಸಿ ಹೊಲದ ಹಾದಿ ಹಿಡಿದ. ಚಾವಡಿಯಲ್ಲಿ ಮಾತು ಹಬ್ಬಿ, ಸಂಜೆ ಬರುತ್ತಿದ್ದ ಮಕ್ಕಳೂ ಬರಲಿಲ್ಲ. ಪರಾತದ ಹಿಟ್ಟಿನಲ್ಲಿ ಅವತ್ತು ಯಾರೂ ಏನೂ ಬರೆಯಲಿಲ್ಲ. ಚಿಗವ್ವ ರೊಟ್ಟಿ ಬಡಿದಳು, ಬಡಿಸಿದಳು, ತಾನು ಉಂಡಳೋ ಇಲ್ಲವೋ ಯಾರೂ ನೋಡಲಿಲ್ಲ. ನನಗೂ ಸಿಟ್ಟು ಬಂದಿತ್ತು ಎಂದು ಈಗ ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ಒಬ್ಬ ಹುಡುಗಿ, "ನಾಪಾಸ್ ಚಿಗವ್ವ" ಎಂದದ್ದಕ್ಕೆ ನಾನು ಚಿಗವ್ವನ ಮೇಲೆಯೇ ಮುನಿಸಿಕೊಂಡು ಅವಳು ತಲೆ ಬಾಚಲು ಕರೆದರೂ ಹೋಗಲಿಲ್ಲ. ಅವಳು ಬಾಚಣಿಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು.

ಮೂರನೆಯ ದಿನ ಅಜ್ಜ ನನ್ನನ್ನೂ ಬಸುವನ್ನೂ ಪಡಸಾಲೆಗೆ ಕರೆದು, ಇಂಗ್ಲಿಷ್ ಪುಸ್ತಕ, ಪಾಟಿ ತರಲು ಹೇಳಿದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಒಂದು ಶಬ್ದದ ಮೇಲೆ ಬೆರಳಿಟ್ಟು, ನನ್ನಿಂದ ಒಮ್ಮೆ ಓದಿಸಿ, ಪುಸ್ತಕ ತಿರುಗಿಸಿ ಹಿಡಿದು, "ಈಗ ಬರಿ" ಎನ್ನುವನು. ನಾವು ಬರೆದದ್ದನ್ನು ಪುಸ್ತಕದ ಪಕ್ಕಕ್ಕಿಟ್ಟು, ಬೀಜ ಆರಿಸುವ ಹಾಗೆ ಒಂದೊಂದೇ ಅಕ್ಷರದ ಆಕಾರ ತಾಳೆ ನೋಡುವನು. ಹೀಗೆ ಇಡೀ ಮುಂಜಾನೆ ಕಳೆಯಿತು. ನಾನು ತಪ್ಪಲಿಲ್ಲ. ಆರನೆಯ ಇಯತ್ತೆಯ ಬಸು ಒಂದೇ ಒಂದು ಶಬ್ದ ತಪ್ಪಿದ. ಅಜ್ಜ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡು, ಅಡುಗೆಮನೆಯವರೆಗೆ ಕೇಳುವಂತೆ ಹೇಳಿದ: "ನಾಪಾಸ್ ಆದಾಕಿ ಹಿಂಗ ಕಲಿಸಿದ್ರ, ಪಾಸಾದವರು ಏನ ಮಾಡಾಕತ್ತಾರ?"

ಆಮೇಲೆ ಅವಳನ್ನು ಕರೆದ. "ಎಷ್ಟ ಮಾರ್ಕ್ಸ್ ಕಡಿಮಿ ಬಿದ್ದಿದ್ದೂ?"

"ಆರ್ರಿ ಮಾವಾರ."

"ಆರ ಮಾರ್ಕ್ಸಿಗೆ ಎಂಟ ವರ್ಷ ಅಂಜಿಕೊಂಡ ಕುಂತ್ಯಾ? ಹುಚ್ಚಿ! ಮತ್ತ ಪರೀಕ್ಷಾದ ಫಾರ್ಮ್ ತುಂಬು. ನಾ ಬರ್ತೇನಿ ನಿನ್ನ ಕೂಡ."

ಚಿಗವ್ವ ಸೆರಗು ಬಾಯಿಗೊತ್ತಿಕೊಂಡು ಅಲ್ಲೇ ಕುಸಿದು ಕೂತಳು. ಆಯಿ ಎದ್ದು ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟಳು.

ಅಂಗನವಾಡಿಯ ಕೆಲಸ ಆ ಸಲ ಬೇರೊಬ್ಬರಿಗೆ ಹೋಯಿತು. ಚಿಗವ್ವನಿಗೆ ಉಳಿದಿದ್ದದ್ದು ಒಂದೇ ವಿಷಯ. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಶಾಲೆ ತಿರುಗುಮುರುಗಾಯಿತು. ನಾನು ಪುಸ್ತಕ ಹಿಡಿದು ಕೇಳುವವಳು, ಅವಳು ಹಿಟ್ಟಿನಲ್ಲಿ ಬರೆಯುವವಳು. ಒಂದು ಸಂಜೆ, "ಇಷ್ಟ ಗುರ್ತ ನಿನಗ ಹೆಂಗ ಹೊಳದೂ?" ಎಂದು ಕೇಳಿದೆ. ಬರೆದದ್ದನ್ನು ಅಂಗೈಯಿಂದ ಅಳಿಸುತ್ತ ಹೇಳಿದಳು. "ಪರೀಕ್ಷಾದಾಗ ತಪ್ಪ ಬರದ ಶಬ್ದ ಒಂದೂ ಮರ್ತಿಲ್ಲ ತಂಗಿ. ನಾಪಾಸ್ ಆದ ಮ್ಯಾಲೆ ಬಾವಿಗೆ ನೀರಿಗೆ ಹೋದ್ರೂ ಅವ, ಕಸ ಹೊಡದ್ರೂ ಅವ. ಅವನ್ನ ಸುಮ್ಮನ ಇರಿಸಾಕ ಒಂದೊಂದಕ್ಕ ಒಂದೊಂದು ಹೆಸರ ಕೊಟ್ಟೆ. ಆಮ್ಯಾಲೆ ನೀ ಅಳಕೋತ ಬಂದಿ." ನಮಗೆ ಅವಳು ಕಲಿಸಿದ್ದೆಲ್ಲ ಅವಳು ಸೋತ ಶಬ್ದಗಳೇ ಆಗಿದ್ದವು. ಬಾಚಣಿಗೆ ತಂದು ಅವಳ ಮುಂದೆ ಬೆನ್ನು ಮಾಡಿ ಕೂತೆ. ಅವಳು ಏನೂ ಕೇಳದೆ ನನ್ನ ಜಡೆ ಬಿಚ್ಚಿದಳು.

ಪರೀಕ್ಷೆ ಬೈಲಹೊಂಗಲದಲ್ಲಿತ್ತು. ಅಜ್ಜ ಬಿಳಿ ಧೋತರ ಉಟ್ಟು, ಇಸ್ತ್ರಿ ಮಾಡಿಸಿದ ಪಟಗಾ ತಲೆಗೆ ಸುತ್ತಿ ಲಗ್ನಕ್ಕೆ ಹೊರಟವನ ಹಾಗೆ ಸಿದ್ಧನಾಗಿದ್ದ. ಬಸ್ಸಿನಲ್ಲಿ ಚಿಗವ್ವನಿಗೆ ಕಿಟಕಿಯ ಪಕ್ಕದ ಜಾಗ ಹಿಡಿದುಕೊಟ್ಟ. ಅವಳು ಒಳಗೆ ಹೋದ ಮೇಲೆ ನಾನೂ ಅಜ್ಜನೂ ಕೇಂದ್ರದ ಹೊರಗೆ ಬೇವಿನ ಗಿಡದ ನೆರಳಿಗೆ ಕೂತೆವು. ಪಕ್ಕದಲ್ಲಿ ಕೂತಿದ್ದ ಯಾರೋ, "ಮೊಮ್ಮಗಳು ಬರಿಯಾಕ ಬಂದಾಳೇನ್ರಿ ಹಿರ್ಯಾರ?" ಎಂದು ಕೇಳಿದರು. ಅಜ್ಜ ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ, "ಮೊಮ್ಮಗಳು ಇಲ್ಲೇ ಅದಾಳ. ಒಳಗ ನನ್ನ ಸೊಸಿ ಅದಾಳ" ಎಂದ. ಮೂರು ತಾಸು ಅವನು ನೀರು ಸಹ ಕುಡಿಯಲಿಲ್ಲ. ಗಂಟೆ ಬಾರಿಸಿ, ತನಗಿಂತ ಹತ್ತು ವರ್ಷ ಚಿಕ್ಕವರಾದ ಹುಡುಗಿಯರ ಗುಂಪಿನಲ್ಲಿ ಚಿಗವ್ವ ಹೊರಗೆ ಬಂದಳು. ಬೆರಳಿಗೆಲ್ಲ ಮಸಿ. ಅಜ್ಜನನ್ನು ಕಂಡವಳೇ ಸೆರಗು ಎಳೆದುಕೊಳ್ಳುವುದನ್ನೂ ಮರೆತು, "ಎಲ್ಲಾ ಬರದೇನ್ರಿ ಮಾವಾರ!" ಎಂದು ನಕ್ಕಳು. ಆ ನಗುವನ್ನು ಕಂಡ ದಿನವೇ ನಾನು ಟೀಚರಾಗಬೇಕೆಂದು ನಿಶ್ಚಯಿಸಿದೆ ಅನಿಸುತ್ತದೆ.

ಐವತ್ತೆರಡು ಅಂಕ ಬಂದವು. ಅಜ್ಜ ಮಾರ್ಕ್ಸ್ ಕಾರ್ಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಚಾವಡಿಗೆ ಹೋದವನು ಅದನ್ನು ಯಾರ ಕೈಗೂ ಕೊಡದೆ, ಹಿಡಿದುಕೊಂಡೇ ತೋರಿಸಿದ. ಮುಂದಿನ ವಾರ ಮುನವಳ್ಳಿಯಿಂದ ಚಿಗವ್ವನ ಅಪ್ಪ ಬಂದರು. ಹೊಸ್ತಿಲ ಹೊರಗೇ ನಿಂತು, "ಬೀಗರ, ನಿಮ್ಮ ಮುಂದ ಮಾರಿ ತೋರಸಾಕ..." ಎಂದು ತಡವರಿಸಿದರು. ಅಜ್ಜ ಅವರ ಕೈ ಹಿಡಿದು ಒಳಗೆ ಎಳೆದುಕೊಂಡ. "ಬರ್ರಿ, ಕುಂದರ್ರಿ. ಅಂದ ನೀವು ಆಡಿದ ಮಾತ ಇವತ್ತ ಖರೆ ಆತ ನೋಡ್ರಿ. ಸ್ವಲ್ಪ ತಡಾ ಆತು, ಅಷ್ಟ." ಇಬ್ಬರು ಮುದುಕರೂ ಒಂದೇ ತಾಟಿನಲ್ಲಿ ಹೋಳಿಗೆ ಉಂಡರು.

ಎರಡು ವರ್ಷದ ಮೇಲೆ ಊರಿಗೆ ಇನ್ನೊಂದು ಅಂಗನವಾಡಿ ಬಂದಾಗ ಚಿಗವ್ವ ಅದರ ಟೀಚರಾದಳು, ಮಕ್ಕಳ ಬಾಯಲ್ಲಿ ಅಕ್ಕೋರು. ಕಾಕಾ ಅವಳಿಗೊಂದು ಗೋಡೆ ಗಡಿಯಾರ ತಂದುಕೊಟ್ಟ. ಅಜ್ಜ ಅದನ್ನೆಲ್ಲ ಕಣ್ತುಂಬ ನೋಡಿಯೇ ಹೋದ. ಅವನ ಹಿಂದೆ ಆಯಿ. ಆಮೇಲೆ ಮನೆ ಪಾಲಾಯಿತು. ಎತ್ತುಗಳು ಹೋದವು, ಮಣ್ಣಿನ ಗೋಡೆ ಕೆಡವಿದರು, ಬೆಳಕಿಂಡಿ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಸ್ಲ್ಯಾಬು ಇದೆ. ಬಸು ಅಲ್ಲಿಯೇ ತನ್ನ ಮನೆ ಕಟ್ಟಿಕೊಂಡಿದ್ದಾನೆ. ಅಡುಗೆಮನೆ ಎಲ್ಲಿತ್ತು ಎಂದು ಅವನ ಮಕ್ಕಳಿಗೆ ತೋರಿಸಲು ಹೋಗಿ ನಾನೇ ದಿಕ್ಕು ತಪ್ಪಿದೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ವರ್ಗವಾಗಿ ಹೋದಲ್ಲೆಲ್ಲ ಕಾಲಿನ ಕ, ಹೊತ್ತಿನ ಹ, ಹಾರುವ ಗೂಗಿ ನನ್ನ ಜೊತೆಗೆ ಬಂದವು. ಮಕ್ಕಳು, "ಇದನ್ನ ನಿಮಗ ಯಾರ ಹೇಳಿದ್ರು ಮಿಸ್?" ಎಂದು ಕೇಳಿದರೆ ಚಿಗವ್ವನ ಪೂರ್ತಿ ಹೆಸರು, ಊರು ಹೇಳುತ್ತೇನೆ. ಅವಳು ನಾಪಾಸಾಗಿದ್ದಳು ಎಂಬುದನ್ನೂ ಹೇಳುತ್ತೇನೆ. ಅವಳೇ ಹಾಗೆ ಹೇಳಬೇಕೆಂದಿದ್ದಳು.

ಹೋದ ಮಳೆಗಾಲದ ಒಂದು ರವಿವಾರ ಚಿಗವ್ವ ಎದೆನೋವೆಂದವಳು ಆಸ್ಪತ್ರೆ ತಲುಪುವ ಮುಂಚೆಯೇ ತೀರಿಕೊಂಡಳು. ಅವತ್ತು ಸಂಜೆಯೇ ಹೊಲದಲ್ಲಿ, ಅಜ್ಜನ ಪಕ್ಕ ಮಣ್ಣು ಮಾಡಿದೆವು. ಮರುದಿನ ಮುಂಜಾನೆ ಅಂಗನವಾಡಿಯ ಸಹಾಯಕಿ ಅಳುತ್ತ ಬಂದು, "ಕೀಲಿಕೈ ಅಕ್ಕೋರಂತೇಕ ಐತ್ರಿ. ಹುಡುಗೂರು ಬಂದು ಬಾಗಲದಾಗ ನಿಂತಾವು, ಸುದ್ದಿ ಹೆಂಗ ಹೇಳ್ಲಿ?" ಎಂದಳು. ನಾನೇ ಕೀಲಿಕೈ ತೆಗೆದುಕೊಂಡು ಹೋಗಿ ಬಾಗಿಲು ತೆರೆದೆ. ಹದಿನೈದು ಹದಿನಾರು ಮಕ್ಕಳು ಚಪ್ಪಲಿಗಳನ್ನು ಗೋಡೆಗೆ ಸಾಲಾಗಿ ಬಿಟ್ಟು, ತಂತಮ್ಮ ಜಾಗ ಹುಡುಕಿ ಕೂತವು. ನೂಕಲಿಲ್ಲ, ಕಿರುಚಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಅಂಥ ತರಗತಿ ಕೂಡಿಸಲು ಬಂದಿಲ್ಲ.

ಮೇಜಿನ ಮೇಲೆ ಹಾಜರಿ ಪುಸ್ತಕವಿತ್ತು. ಶನಿವಾರದವರೆಗೆ ಅವಳ ದುಂಡನೆಯ ಅಕ್ಷರ. ನಾನು ಒಂದೊಂದೇ ಹೆಸರು ಕೂಗಿದೆ. "ಬಂದೇನ್ರಿ," "ಬಂದೇನ್ರಿ" ಎಂದು ಪುಟ್ಟ ದನಿಗಳು ಒಂದರ ಹಿಂದೊಂದು ಎದ್ದವು. ಮುಗಿದ ಮೇಲೆ ಏನು ಮಾಡಬೇಕೋ ತಿಳಿಯದೆ, "ಈಗ ಅಕ್ಕೋರು ಏನ ಮಾಡಿಸ್ತಿದ್ರು?" ಎಂದು ಕೇಳಿದೆ. ಮುಂದಿನ ಸಾಲಿನ ಒಂದು ಹುಡುಗಿ ಎದ್ದು ಕೈಕಟ್ಟಿ ನಿಂತಳು. "ಅಕ್ಕೋರು ಒಳಗ ಹಾಲು ಕಾಸಾಕ ಹೊಕ್ಕಾರ್ರಿ. ಅವರು ಬರೂತನಕ ನಾವು ಹಾಡ ಅಂತೇವಿ."

"ಅನ್ರಿ ಹಂಗಾರ" ಎಂದೆ.

ಮಕ್ಕಳು ಹಾಡಿದವು. ಹೊರಗೆ ಸಣ್ಣ ಮಳೆ ಹಿಡಿದಿತ್ತು. ಹಾಡು ಮುಗಿಯಿತು. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ಅಕ್ಕೋರು ಇನ್ನೂ ಬಂದಿಲ್ಲವೆಂದು ಅವು ಮತ್ತೆ ಮೊದಲಿನಿಂದ ಹಾಡತೊಡಗಿದವು.